ಕೆಂದನ ಹೆಗಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರ ಕೈಗಿಂತ ನನ್ನ ಅಂಗೈಗೇ ಬೆಲೆ ಹೆಚ್ಚು. ನಗಬೇಡಿ ಮಕ್ಕಳೇ, ನಿಜವಾಗಿ ಹೇಳುತ್ತಿದ್ದೇನೆ. ನೇಗಿಲು ಹಿಡಿದು, ಹಗ್ಗ ಎಳೆದು ಅಪ್ಪನ ಕೈ ಗಡುಸಾಗಿಬಿಟ್ಟಿತ್ತು. ಹೆಂಚಿನ ಮೇಲಿನ ಬಿಸಿ ರೊಟ್ಟಿಯನ್ನು ಬರಿಗೈಯಲ್ಲೇ ಎತ್ತುತ್ತಿದ್ದ. ಅಂಥ ಕೈಗೆ ಎತ್ತಿನ ಮೈಯ ಸಣ್ಣ ಬಿಸಿ ತಿಳಿಯುವುದಾದರೂ ಹೇಗೆ? ಹಾಗಾಗಿ ಎತ್ತುಗಳನ್ನು ಮುಟ್ಟಿ ನೋಡುವ ಕೆಲಸ ಮೊದಲು ಅಕ್ಕನದಾಗಿತ್ತು. ಕಳೆ ಕಿತ್ತು, ಬೀಸುಕಲ್ಲು ತಿರುಗಿಸಿ ಅವಳ ಕೈಯೂ ಒರಟಾದ ಮೇಲೆ ಅದು ನನ್ನ ಪಾಲಿಗೆ ಬಂತು. ಆಗ ನನಗೆ ಎಂಟು ವರ್ಷ.

ನಮ್ಮದು ರಾಯದುರ್ಗದಿಂದ ಬೆಳುಗುಪ್ಪದ ಕಡೆ ಹೋಗುವಾಗ ಸಿಗುವ ಸಣ್ಣ ಊರು. ಹೊಲದಲ್ಲಿ ಒಂದು ಬಾವಿ, ಬಾವಿಗೆ ಕಪಿಲೆ. ಕಪಿಲೆ ಎಂದರೆ ನಿಮಗೆ ಗೊತ್ತಿಲ್ಲ, ಹೇಳುತ್ತೇನೆ ಕೇಳಿ. ತೊಗಲಿನ ದೊಡ್ಡ ಚೀಲವನ್ನು ಹಗ್ಗಕ್ಕೆ ಕಟ್ಟಿ, ಗಾಲಿಯ ಮೇಲಿಂದ ಬಾವಿಗೆ ಬಿಡುತ್ತಿದ್ದರು. ಹಗ್ಗದ ಇನ್ನೊಂದು ತುದಿ ಎತ್ತುಗಳ ನೊಗಕ್ಕೆ. ಬಾವಿಯ ಪಕ್ಕದ ಇಳಿಜಾರಿನಲ್ಲಿ ಎತ್ತುಗಳು ಕೆಳಗೆ ನಡೆದರೆ ನೀರು ತುಂಬಿದ ಚೀಲ ಮೇಲೆ ಬರುತ್ತಿತ್ತು, ಕಾಲುವೆಗೆ ದಬದಬ ಸುರಿಯುತ್ತಿತ್ತು. ಆಮೇಲೆ ಎತ್ತುಗಳು ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ಮೇಲೆ ಬರಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೀಗೇ. ನಮ್ಮ ಎರಡು ಎತ್ತುಗಳಲ್ಲಿ ಬೆಳ್ಳಗಿನವನು ಬಿಳಿಯ, ಕೆಂಪಗಿನವನು ಕೆಂದ. ಬಿಳಿಯ ಸ್ವಲ್ಪ ಮೈಗಳ್ಳ. ಕೆಂದ ಮಾತ್ರ ಹೇಳಿಸಿಕೊಳ್ಳುವ ಪ್ರಾಣಿಯೇ ಅಲ್ಲ.

ದಿನಾ ನೊಗ ಹೂಡುವ ಮುಂಚೆ ನಾನು ಕೈ ತೊಳೆದು ಒರೆಸಿಕೊಂಡು, ಎತ್ತಿನ ಕೊರಳ ಕೆಳಗೆ ಜೋಲುವ ಗಂಗೆದೊಗಲಿನ ಮೇಲೆ ಮೊದಲು ಅಂಗೈ ಇಡಬೇಕಿತ್ತು. ಆಮೇಲೆ ನೊಗ ಕೂರುವ ಹೆಗಲ ಮೇಲೆ. ಎರಡೂ ಕಡೆ ಒಂದೇ ತಣುಪಿದ್ದರೆ ಸರಿ. ಹೆಗಲು ಬಿಸಿಯಿದ್ದರೆ ಒಳಗೆ ಬಾವು ಹುಟ್ಟುತ್ತಿದೆ ಎಂದು ಅರ್ಥ. ಕಣ್ಣಿಗೆ ಆಗಿನ್ನೂ ಏನೂ ಕಾಣುವುದಿಲ್ಲ. ಅಂಥ ದಿನ ಅಪ್ಪ ಕಪಿಲೆ ಹೊಡೆಯುತ್ತಿರಲಿಲ್ಲ. ಮೆಣಸಿನ ಗಿಡಗಳು ತಲೆ ಬಾಗಿಸಿ ನಿಂತಿದ್ದರೂ ಇಲ್ಲ.

“ಗಿಡ ಒಂದಿನ ಬಾಡಿದ್ರ ನೀರು ಕುಡುದು ಎದ್ದು ನಿಲ್ತೈತಿ. ಎತ್ತಿನ ಹೆಗಲು ಒಡದ್ರ ಏನು ಕುಡಿಸಿದ್ರೂ ಏಳಂಗಿಲ್ಲ. ಅದಕ್ಕ ಬಾಯಿಲ್ಲ, ನಾವೇ ಕೇಳಬೇಕು” ಎನ್ನುತ್ತಿದ್ದ.

ಹೀಗಿರುವಾಗ ಒಂದು ಸಂಜೆ ರಾಯದುರ್ಗದಿಂದ ಮಾವನ ಮಗ ಬಂದ. ಅವನಿಗೂ ನನ್ನದೇ ವಯಸ್ಸು. ಪೇಟೆಯವನು, ಕಾಲಿಗೆ ಚಪ್ಪಲಿ, ಬಾಯಿ ತೆರೆದರೆ ಸಿನಿಮಾದ ಮಾತು. ನನಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ನಾನೂ ಕೊಚ್ಚಿಕೊಂಡೆ. ಕಪಿಲೆ ಹಗ್ಗದ ಮೇಲೆ ಕೂತು ಇಳಿಜಾರಿನಲ್ಲಿ ಇಳಿಯುವ ಮಜಾ ನಿಮ್ಮ ಪೇಟೆಯಲ್ಲಿದೆಯೇನಲೇ ಎಂದೆ. ನಾಳೆ ಕೂರಿಸುತ್ತೇನೆ ನೋಡು, ಕೂರಿಸದಿದ್ದರೆ ಮೀಸೆ ಬೋಳಿಸು ಎಂದೆ. ಇಲ್ಲದ ಮೀಸೆ!

ಬೆಳಿಗ್ಗೆ ಚಳಿಯಿತ್ತು. ಬಾವಿಯ ಪಕ್ಕದ ಕೊಟ್ಟಿಗೆಯಲ್ಲಿ ಗಂಜಲದ, ಒಣ ಜೋಳದ ಸೊಪ್ಪೆಯ ವಾಸನೆ. ಮಾವನ ಮಗ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾನು ಬಿಳಿಯನನ್ನು ಮುಟ್ಟಿದೆ, ತಣ್ಣಗಿದ್ದ. ಕೆಂದನ ಗಂಗೆದೊಗಲು ಮುಟ್ಟಿದೆ, ಅದೂ ತಣ್ಣಗಿತ್ತು. ಹೆಗಲ ಮೇಲೆ ಕೈ ಇಟ್ಟೆ. ಆಗ ತಾನೇ ಹೆಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಬಿಸಿ. ಕೆಂದನ ಚರ್ಮ ಜಲ್ಲನೆ ನಡುಗಿತು. ಅವನು ಕತ್ತು ತಿರುಗಿಸಿ ನನ್ನನ್ನೇ ನೋಡಿದ. ನನಗೆ ಅನುಮಾನವೇನೂ ಇರಲಿಲ್ಲ ಮಕ್ಕಳೇ. ಸುಳ್ಳು ಹೇಳಲಾರೆ, ನನಗೆ ಚೆನ್ನಾಗಿ ಗೊತ್ತಿತ್ತು.

ಬಾವಿಯ ಹತ್ತಿರದಿಂದ ಅಪ್ಪ ಕೂಗಿದ: “ಹೆಂಗೈತಲೇ ತಮ್ಮಾ?”

“ತಣ್ಣಗೈತಪ್ಪಾ!” ಎಂದು ನಾನೂ ಕೂಗಿದೆ.

ಅಷ್ಟೇ. ಅಪ್ಪ ಇನ್ನೊಂದು ಮಾತು ಕೇಳಲಿಲ್ಲ. ನೊಗ ಹೂಡಿದ.

ಆ ಬೆಳಗಿನ ಆಟವನ್ನು ಹೇಗೆ ಹೇಳಲಿ? ನಾವಿಬ್ಬರೂ ಹಗ್ಗದ ಮೇಲೆ ಕೂತೆವು. ಗಾಲಿ ಕಿರ್‍ರೆಂದಿತು, ಎತ್ತುಗಳು ಇಳಿದವು, ನಾವೂ ಜರ್‍ರೆಂದು ಇಳಿದೆವು. ಹಿಂದೆ ನೀರು ಸುರಿಯುವ ಸದ್ದು, ಮುಖಕ್ಕೆ ತುಂತುರು. ಮಾವನ ಮಗ ಸಿನಿಮಾ ಮರೆತು ಕಿರುಚುತ್ತಿದ್ದ. ಹಗ್ಗದ ಮೇಲೆ ಕೂತರೆ ಎತ್ತುಗಳಿಗೂ ಭಾರ ಸ್ವಲ್ಪ ಕಡಿಮೆಯಾಗುತ್ತದೆ ಎಂದು ದೊಡ್ಡವರು ಹೇಳುತ್ತಿದ್ದರು. ನಾನು ಅದನ್ನೇ ಮನಸ್ಸಿನಲ್ಲಿ ಹಿಡಿದುಕೊಂಡು, ಕೆಂದನಿಗೆ ಸಹಾಯವೇ ಮಾಡುತ್ತಿದ್ದೇನೆ ಅಂದುಕೊಂಡೆ. ಎಂಥ ಬುದ್ಧಿ ನೋಡಿ! ಸ್ವಲ್ಪ ಹೊತ್ತಿನಲ್ಲಿ ಕೆಂದ ಇಳಿಜಾರಿನ ನಡುವೆ ನಿಲ್ಲತೊಡಗಿದ. ಅಪ್ಪ “ಹೋ ಹೋ, ನಡಿಯಪ್ಪಾ” ಎಂದರೆ ಮತ್ತೆ ನಡೆದ. ಬಿಳಿಯನಾಗಿದ್ದರೆ ಕೂತೇಬಿಡುತ್ತಿದ್ದ. ಇವನು ನಡೆದ.

ಹೊತ್ತು ಏರಿದ ಮೇಲೆ ಅಕ್ಕ ಬುತ್ತಿ ತಂದಳು. ಬುತ್ತಿ ಗಂಟನ್ನು ಕೆಳಗಿಡುವುದಕ್ಕೂ ಮೊದಲೇ ಅವಳ ಕಣ್ಣು ಕೆಂದನ ಮೇಲೆ ಬಿತ್ತು.

“ಅಪ್ಪಾ, ನಿಲ್ಲಿಸಪ್ಪಾ! ನೊಗದಾಗ ರಕ್ತ ಐತಿ!”

ಅಪ್ಪ ಓಡಿಬಂದು ನೊಗ ಇಳಿಸಿದ. ಹೆಗಲು ಊದಿ, ಚರ್ಮ ಒಡೆದು, ಕೀವು ರಕ್ತ ಕೂಡಿ ಹರಿಯುತ್ತಿತ್ತು. ಆಗಲೇ ನೊಣ ಮುತ್ತಿದ್ದವು. ಅಪ್ಪ ತಲೆಯ ಮೇಲಿನ ರುಮಾಲು ಬಿಚ್ಚಿ ಗಾಯಕ್ಕೆ ಒತ್ತಿಹಿಡಿದ. ಕೆಂದ ಒದೆಯಲಿಲ್ಲ, ಹಾಯಲಿಲ್ಲ. ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಿದ್ದ.

ಅಕ್ಕ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಮುಂಜಾನೆ ಕೈ ಇಟ್ಟು ನೋಡಿದ್ದೇನಲೇ?”

“ನೋಡಿದ್ದೆ.”

“ತಣ್ಣಗಿತ್ತಾ?”

“ಹ್ಞೂ.”

ಅವಳು ನನ್ನ ಮುಖವನ್ನೂ ಮಾವನ ಮಗನ ಮುಖವನ್ನೂ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಅಪ್ಪನಿಗೆ ಹೇಳಲಿಲ್ಲ, ನನಗೆ ಬಯ್ಯಲೂ ಇಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಪಕ್ಕದ ಹೊಲದ ಹಿರಿಯರೊಬ್ಬರು ಗಲಾಟೆ ಕೇಳಿ ಬಂದರು. ಗಾಯ ನೋಡಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡರು. “ಯಾಕ್ರಿ, ಹೆಗಲು ನೋಡಿ ಹೂಡಬಾರದಿತ್ತೇನ್ರಿ? ನಿಮ್ಮಂಥೋರೇ ಹಿಂಗ ಮಾಡಿದ್ರ ಹೆಂಗ್ರಿ?”

ಅಪ್ಪ ತಲೆ ಎತ್ತದೆ ಹೇಳಿದ: “ನೋಡೀವ್ರಿ. ನನ್ನ ಮಗ ಕೈ ಇಟ್ಟು ನೋಡ್ಯಾನ. ತಣ್ಣಗಿತ್ರಿ. ಈ ನೊಗದ್ದೇ ಏನೋ ತಪ್ಪೈತಿ.”

ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ.

ಅವತ್ತೇ ಅಪ್ಪ ಆ ನೊಗವನ್ನು ಕೊಡಲಿಯಿಂದ ಸೀಳಿ ಒಲೆಗೆ ಹಾಕಿದ. ಅದು ಅವನ ಅಪ್ಪನ ಕಾಲದ ನೊಗ. ಅದರಲ್ಲಿ ಏನೂ ತಪ್ಪಿರಲಿಲ್ಲ. ಕೆಂದನಿಗೆ ಅರಿಶಿನ, ಹರಳೆಣ್ಣೆ ಹಚ್ಚಿದ. ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ದಿನಾ ತೊಳೆದ. ಗಾಯ ಮಾಯಲು ತಿಂಗಳುಗಳೇ ಹಿಡಿದವು. ಮಾಯ್ದ ಜಾಗದಲ್ಲಿ ಕಲ್ಲಿನಂಥ ಗಂಟು ಉಳಿಯಿತು. ಮತ್ತೆ ಅದರ ಮೇಲೆ ನೊಗ ಕೂರಲಿಲ್ಲ. ನಾನು ಹುಲ್ಲು ಹಿಡಿದು ಹತ್ತಿರ ಹೋದರೆ ಕೆಂದ ತಿನ್ನುತ್ತಿದ್ದ. ಕೈ ಎತ್ತಿದರೆ ಮಾತ್ರ ಹಿಂದೆ ಸರಿಯುತ್ತಿದ್ದ. ಬೇಸಿಗೆಯ ಹೊತ್ತಿಗೆ ಅಪ್ಪ ಅವನನ್ನು ಸಂತೆಗೆ ಹೊಡೆದುಕೊಂಡು ಹೋದ. ಹೆಗಲು ಹೋದ ಎತ್ತನ್ನು ಯಾರು ಕೊಂಡರು, ಯಾತಕ್ಕೆ ಕೊಂಡರು ಎಂದು ಅಪ್ಪ ಹೇಳಲಿಲ್ಲ. ನಾನು ಕೇಳಲಿಲ್ಲ.

ಹೊಸ ನೊಗ ಬಂತು, ಹೊಸ ಎತ್ತು ಬಂತು. ಅಪ್ಪ ಮೊದಲಿನಂತೆಯೇ “ಹೆಂಗೈತಲೇ ತಮ್ಮಾ?” ಎಂದು ನನ್ನನ್ನೇ ಕೇಳುತ್ತಿದ್ದ. ನನ್ನ ಮೇಲೆ ಅಷ್ಟು ನಂಬಿಕೆ. ನಾನು ಎರಡೆರಡು ಸಲ ಮುಟ್ಟಿ ನೋಡಿ ಹೇಳುತ್ತಿದ್ದೆ.

ಈಗ ಕಪಿಲೆ ಇಲ್ಲ. ಬಾವಿಯಲ್ಲಿ ಮುಳ್ಳುಗಿಡ ಬೆಳೆದಿದೆ, ಹೊಲಕ್ಕೆ ಬೋರಿನ ನೀರು. ಗುಂಡಿ ಒತ್ತಿದರೆ ಮೋಟರು ಓಡುತ್ತದೆ, ಅದಕ್ಕೆ ನೋವಿಲ್ಲ. ಮಡಕಶಿರದ ನಿಮ್ಮ ಮನೆಯಲ್ಲಿ ಎತ್ತಿಲ್ಲ, ಒಂದು ನಾಯಿಮರಿಯಿದೆ. ಹೋದ ತಿಂಗಳು ನಾನು ಬಂದಾಗ ಅದು ಎರಡು ದಿನದಿಂದ ಕುಂಟುತ್ತಿತ್ತು. ನಿಮ್ಮಪ್ಪ ಅದನ್ನು ದನದ ಆಸ್ಪತ್ರೆಗೆ ಕರೆದೊಯ್ದ. ನಿಮ್ಮಲ್ಲಿ ಚಿಕ್ಕವಳೂ ನಾನೂ ಜೊತೆಗೆ ಹೋದೆವು. ಡಾಕ್ಟರಮ್ಮ ಮರಿಯನ್ನು ಮೇಜಿನ ಮೇಲೆ ಮಲಗಿಸಿ, ಜ್ವರ ನೋಡಿ, ಒಸಡಿನ ಬಣ್ಣ ನೋಡಿ, ಒಂದೊಂದೇ ಕಾಲು ಒತ್ತಿ ನೋಡಿದರು. “ಏನ್ ಆಯ್ತಪ್ಪ ಇದಕ್ಕೆ?” ಎಂದು ಕೇಳಿದರು. ನಿಮ್ಮಪ್ಪ ಗೊತ್ತಿಲ್ಲ ಎಂದ.

ಆಗ ಈ ಪುಟ್ಟಿ ಅಳುತ್ತಲೇ ಮುಂದೆ ಬಂದಳು. “ನಾನೇ ಮೇಡಂ. ಆಟದ್ ಗ್ಯಾನದಾಗೆ ಗೇಟು ದಬ್ಬಿದ್ದೆ. ಅದ್ರ ಕಾಲು ಸಿಕ್ಕಾಕ್ಕೊಂಡ್ತು. ಬೈತಾರೆ ಅಂತ ಹೇಳಿರ್ಲಿಲ್ಲ.”

ಡಾಕ್ಟರಮ್ಮ ಸರಿಯಾದ ಜಾಗ ಹುಡುಕಿ ಪಟ್ಟಿ ಕಟ್ಟಿದರು. ನಿಮ್ಮಪ್ಪ ಬಯ್ದ, ನಿಜ. ಆಮೇಲೆ ಅವಳನ್ನೇ ಎತ್ತಿಕೊಂಡು ಹೊರಗೆ ಬಂದ. ನಾನು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಜ್ಜನಿಗೆ ಬಿಸಿಲು ತಾಗಿದೆ ಎಂದು ನಿಮ್ಮಪ್ಪ ನೀರು ತಂದುಕೊಟ್ಟ. ಬಿಸಿಲಲ್ಲ ಮಕ್ಕಳೇ. ಅಪ್ಪ ಎಂಬತ್ತು ವರ್ಷ ಬಾಳಿದ. ಕೊನೆಯವರೆಗೂ ನೊಗದ್ದೇ ತಪ್ಪು ಎಂದುಕೊಂಡೇ ಹೋದ. ಪುಟ್ಟಿ ತನ್ನ ತಪ್ಪನ್ನು ಎರಡೇ ದಿನದಲ್ಲಿ ಹೇಳಿದಳು. ನನ್ನದನ್ನು ನಾನು ಇವತ್ತು ಹೇಳುತ್ತಿದ್ದೇನೆ, ಅದೂ ಅಪ್ಪನಿಗಲ್ಲ, ನಿಮಗೆ.