ಅಗಲ ಕ್ಯಾಮೆರಾಕ್ಕೆ ಸಣ್ಣ ರೀಲು

ಬೈಲಹೊಂಗಲದ ಬಜಾರದಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರಿದ್ದರು. ಯಾವ ಕೆಲಸ ಒಯ್ದರೂ ಕನ್ನಡಕ ಹಣೆಗೇರಿಸಿ, "ಹೊಂದಸೂಣ್ರಿ" ಅನ್ನುತ್ತಿದ್ದರು.

ನನ್ನ ತಂಗಿಯ ಆಟಿಕೆಯಂಥ ಪ್ಲಾಸ್ಟಿಕ್ ಕ್ಯಾಮೆರಾಕ್ಕೆ ಬೇಕಾದ ಅಗಲ ರೀಲು ಸಿಗದಂತಾದಾಗ ಅವರ ಹತ್ತಿರವೇ ಹೋದೆವು. ಹಳೆಯ ಹವಾಯಿ ಚಪ್ಪಲಿ ಕೊಯ್ದು, ತುಂಡುಗಳನ್ನು ಎರಡೂ ಬದಿಗೆ ಒತ್ತಿ, ನಡುವೆ ಸಣ್ಣ ರೀಲು ಕೂಡಿಸಿಕೊಟ್ಟರು. ತಂಗಿ ಮದುವೆಯಾಗಿ ರಾಮದುರ್ಗಕ್ಕೆ ಹೊರಟ ದಿನ, ಎಂದೂ ಫೋಟೊಕ್ಕೆ ನಿಲ್ಲದ ಅವ್ವ ಅವಳ ಪಕ್ಕ ಒಂದೇ ಸಲ ನಿಂತಳು. ನಾನೇ ತೆಗೆದೆ.

ಆ ಕ್ಯಾಮೆರಾದಲ್ಲಿ ಸಣ್ಣ ರೀಲು ಹಿಂದಕ್ಕೆ ಸುತ್ತುತ್ತಿರಲಿಲ್ಲ. ಕತ್ತಲಲ್ಲಿ ತೆಗೆದು ಕೈಯಿಂದಲೇ ಡಬ್ಬಿಗೆ ಸುತ್ತಬೇಕು. ಬೆಳಕು ತಾಗಿದರೆ ಅವ್ವನ ಫೋಟೊ ಹೋದಂತೆಯೇ. ಮಟಮಟ ಮಧ್ಯಾಹ್ನ ಗಡಿಯಾರದವರು ಕ್ಯಾಮೆರಾ ಹಿಡಿದು ಅಂಗಡಿಯಲ್ಲೇ ಎರಡು ಕಂಬಳಿ ಮುಸುಕು ಹಾಕಿಕೊಂಡು ಕುಳಿತರು. ಗಿರಾಕಿಯೊಬ್ಬ ಬಂದು, "ಥಂಡಿ ಜ್ವರ ಬಂದಾವೇನ್ರಿ, ಕಾಕಾ?" ಎಂದು ಕಂಬಳಿಯ ಅಂಚಿಗೆ ಕೈಹಾಕಿದ.

"ಎತ್ತಬ್ಯಾಡೋ! ಒಳಗ ಹೆಣ್ಣಮಕ್ಕಳದಾರ!" ಎಂದು ಮುಸುಕಿನೊಳಗಿಂದಲೇ ಕೂಗಿದರು. ಅವನು ಹೌಹಾರಿ ಅಂಗಡಿಯ ಮೆಟ್ಟಿಲಿಳಿದ.

ಸ್ಟುಡಿಯೊದವರು ತೊಳೆದುಕೊಟ್ಟ ಫೋಟೊವನ್ನು ಗಡಿಯಾರದವರೇ ಮನೆಗೆ ತಂದರು. ಅವ್ವ, ತಂಗಿ ಇಬ್ಬರೂ ಸ್ಪಷ್ಟವಾಗಿ ಮೂಡಿದ್ದರು. ಆದರೆ ಅಗಲ ಕ್ಯಾಮೆರಾ ಸಣ್ಣ ರೀಲಿನ ಅಂಚಿನವರೆಗೂ ಚಿತ್ರ ಹಿಡಿದಿದ್ದರಿಂದ, ಅವ್ವನ ಸೀರೆಯ ಕೆಳಗಿನ ಅಂಚಿನುದ್ದಕ್ಕೂ ರೀಲಿನ ತೂತುಗಳ ಸಾಲು ಬಿದ್ದಿತ್ತು. ಅವರು ತಲೆ ತಗ್ಗಿಸಿ ನಿಂತರು.

ತಂಗಿ ಹೋದಾಗಿನಿಂದ ಸರಿಯಾಗಿ ಮಾತಾಡದಿದ್ದ ಅವ್ವ ಫೋಟೊ ಹತ್ತಿರ ಹಿಡಿದು ನೋಡಿದಳು.

"ಸೀರಿಗೆ ಹೊಸಾ ದಡಿ ಹಚ್ಚಿ ಕೊಟ್ಟೀರಲ್ರಿ, ಅಣ್ಣಾರ!"