ಜಂಟಿ ಹುಣಸೆ

1944ನೆಯ ಇಸವಿಯ ಏಪ್ರಿಲ್‌ನಲ್ಲಿ, ಬೂದಿಗೆರೆಗೆ ಹತ್ತಿರದ ನಮ್ಮ ಹಳ್ಳಿಯಲ್ಲಿ, ಮನೆಯ ಹಿಂದಿದ್ದ ಎರಡು ಹುಣಸೆಮರಗಳನ್ನು ಕೊಯ್ದು ಉರುಳಿಸಲಾಯಿತು. ಎರಡನೆಯ ಮರ ಉರುಳುವ ಮೊದಲು ಅದರ ಒಂದು ಒಣಕೊಂಬೆ ಬಿದ್ದು ನನ್ನ ಅಣ್ಣನ ಬಲತೊಡೆಯ ಮೂಳೆ ಮುರಿಯಿತು. ಆಗ ನಾನು ಅವನಿಗೆ ಎದುರಾಗಿ ಕೂತು, ಅದೇ ಗರಗಸದ ಇನ್ನೊಂದು ಹಿಡಿಯನ್ನು ಹಿಡಿದಿದ್ದೆ.

ಅದಕ್ಕೆ ಮೂರು ವರ್ಷ ಹಿಂದಿನಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ನಮ್ಮಲ್ಲಿ ತಂದೆಯ ಚಿತೆಗೆ ಹಿರಿಯ ಮಗ, ತಾಯಿಯ ಚಿತೆಗೆ ಕಿರಿಯ ಮಗ ಬೆಂಕಿ ಇಡುವುದು ಪದ್ಧತಿ. ಅವ್ವ ತೀರಿಕೊಂಡಾಗ ನಾನು ಬೆಂಗಳೂರಿನ ಒಂದು ಗಿರಣಿಯ ಉಗ್ರಾಣದಲ್ಲಿ ಕೆಲಸಕ್ಕಿದ್ದೆ. ಸುದ್ದಿ ತಲುಪಿದ ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಉಳಿದ ದಾರಿಯನ್ನು ನಡೆದುಬಂದೆ. ಬಂದಾಗ ಅಣ್ಣನೇ ಬೆಂಕಿ ಇಟ್ಟಾಗಿತ್ತು, ಚಿತೆ ಅರ್ಧ ಉರಿದಿತ್ತು. ಕಾಯಲಾಗಲಿಲ್ಲ ಎಂದು ಅಣ್ಣ ಊರವರಿಗೆ ಹೇಳಿದ. ನನಗೆ ಹೇಳಲಿಲ್ಲ. ನಾನು ಕೇಳಲಿಲ್ಲ.

ಮರುವರ್ಷ ಭಾಗವಾಯಿತು. ನಡುಮನೆಗೆ ಅಡ್ಡವಾಗಿ ಒಂದು ಮಣ್ಣಿನ ಗೋಡೆ ಎದ್ದಿತು. ಬೀದಿಯ ಬಾಗಿಲಿದ್ದ ಅರ್ಧ ಅಣ್ಣನಿಗೆ, ಹಿತ್ತಿಲ ಬಾಗಿಲಿದ್ದ ಅರ್ಧ ನನಗೆ ಬಂತು. ನಾನು ಕೆಲಸ ಬಿಟ್ಟು ಬಂದು ನನ್ನ ಪಾಲಿನ ಹೊಲ ನೋಡಿಕೊಳ್ಳತೊಡಗಿದೆ. ಮದುವೆಯಾಗಿರಲಿಲ್ಲ. ಒಂದು ಹೊತ್ತು ಮುದ್ದೆ ಮಾಡಿದರೆ ಎರಡು ಹೊತ್ತಿಗಾಗುತ್ತಿತ್ತು. ಆ ಗೋಡೆ ತೆಳುವಾಗಿತ್ತು. ಅಣ್ಣ ಕೆಮ್ಮುವುದು, ಅತ್ತಿಗೆ ರಾಗಿ ಬೀಸುವುದು, ಅವರ ಮಗಳು ನಿದ್ದೆಯಲ್ಲಿ ಕನವರಿಸುವುದು, ಎಲ್ಲವೂ ಕೇಳಿಸುತ್ತಿತ್ತು. ಆ ಕಡೆಗೆ ನನ್ನ ಮನೆಯಿಂದ ಏನು ಕೇಳಿಸುತ್ತಿತ್ತೋ ತಿಳಿಯದು. ನನ್ನ ಮನೆಯಲ್ಲಿ ಸದ್ದು ಮಾಡುವಂಥದ್ದು ಹೆಚ್ಚು ಇರಲಿಲ್ಲ. ಕೆಲವು ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡಿರುತ್ತಿರಲಿಲ್ಲ.

ಮಾತು ಬಿಟ್ಟವರು ನಮ್ಮೂರಿನಲ್ಲಿ ನಾವಿಬ್ಬರೇ ಏನಲ್ಲ. ಹಾಗೆ ಬಿಟ್ಟವರು ಒಂದೇ ಬಾವಿ, ಒಂದೇ ಕಣ ಬಳಸಬೇಕಾದಾಗ ಅನುಸರಿಸುವ ಕ್ರಮವೊಂದಿತ್ತು. ಮಾತನ್ನು ಮೂರನೆಯವರ ಕಡೆಗೆ ಆಡಬೇಕು. ‘ಹೇಳ್ರಪ್ಪಾ ಅವರಿಗೆ’ ಎಂದು ಶುರು ಮಾಡಬೇಕು. ಕೇಳಬೇಕಾದವನು ಎರಡು ಮಾರು ದೂರದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಆ ಮೂರನೆಯವರಿಗೇ ಉತ್ತರ ಕೊಡುತ್ತಾನೆ. ಯಾರೂ ಇಲ್ಲದಿದ್ದರೆ ದನಕರುಗಳಾದರೂ ಆದೀತು. ಒಂದು ಸಲ ನಾನು ಹಿತ್ತಿಲ ಬಾಗಿಲು ತೆರೆದಿಟ್ಟು ಹೊಲಕ್ಕೆ ಹೊರಟಾಗ ಅಣ್ಣ ತನ್ನ ಎಮ್ಮೆಯ ಬೆನ್ನು ತಟ್ಟಿ, "ನೋಡೇ, ಪಕ್ಕದ್ಮನೆಯೋರು ಬಾಗ್ಲು ತೆಗೆದಿಟ್ಟು ಹೊಂಟವ್ರೆ. ನಾಯಿ ನುಗ್ಗಿ ಮಡಕೆಗೆ ಬಾಯಿ ಹಾಕಿದ್ರೆ ಆಮೇಲೆ ನಮ್ಮನ್ನ ಅಂದಾರು" ಎಂದ. ನಾನು ತಿರುಗಿಬಂದು ಬಾಗಿಲು ಹಾಕಿಕೊಂಡೆ. ಮೂರು ವರ್ಷದಲ್ಲಿ ನಮಗೆ ಇದು ಎಷ್ಟು ರೂಢಿಯಾಗಿತ್ತೆಂದರೆ ಯೋಚಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಎರಡು ಹುಣಸೆಮರಗಳನ್ನು ಭಾಗ ಮಾಡಿರಲಿಲ್ಲ. ಭಾಗಪತ್ರದಲ್ಲಿ ಹಿತ್ತಿಲೂ ಮರಗಳೂ ಜಂಟಿ, ಫಲ ಸರಿಪಾಲು. ಎರಡೂ ಹಿತ್ತಿಲ ಗೋಡೆಗೆ ತಾಗಿಕೊಂಡೇ ಇದ್ದವು. ಒಂದೊಂದರ ಬುಡವನ್ನು ಒಬ್ಬ ಗಂಡಸು ಕೈ ಚಾಚಿದರೂ ತಬ್ಬಲಾಗುತ್ತಿರಲಿಲ್ಲ. ಹಿಂದಿನ ಮುಂಗಾರಿನ ಗಾಳಿಗೆ ಒಂದರ ಕೊಂಬೆ ಮುರಿದು ಎರಡೂ ಪಾಲಿನ ಸೂರಿನ ಮೇಲೆ ಬಿದ್ದಿತ್ತು. ಬೇರುಗಳು ನುಗ್ಗಿ ಹಿತ್ತಿಲ ಗೋಡೆ ಕೈ ಹಿಡಿಸುವಷ್ಟು ಬಿರುಕು ಬಿಟ್ಟಿತ್ತು. ಇನ್ನೊಂದು ಮಳೆಗಾಲ ಬಿಟ್ಟರೆ ಯಾರ ಅರ್ಧವೂ ಉಳಿಯುವುದಿಲ್ಲ ಎಂದು ಊರಿನ ಹಿರಿಯರು ನಮ್ಮಿಬ್ಬರನ್ನೂ ಬೇರೆಬೇರೆಯಾಗಿ ಕರೆದು ಹೇಳಿದರು. ಇಬ್ಬರೂ ಒಪ್ಪಿದೆವು. ಯುದ್ಧದ ಕಾಲವಾದ್ದರಿಂದ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಇದ್ದಿಲು ಸುಡಿಸುವ ಗುತ್ತಿಗೆದಾರರೊಬ್ಬರು ಮರಗಳನ್ನು ತೆಗೆದುಕೊಂಡು, ಕೊಯ್ಯಲು ತಮ್ಮ ಆಳುಗಳನ್ನು ಕಳಿಸಿದರು.

ಬಂದವರು ಇಬ್ಬರು. ಕೃಷ್ಣಗಿರಿ ಕಡೆಯ ಒಬ್ಬ ಹಿರಿಯ, ಅವನ ಅಳಿಯ. ಹಿರಿಯನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆದರು. ಎರಡು ಕಡೆ ಹಿಡಿಯಿದ್ದ, ಆಳುದ್ದದ ಗರಗಸವನ್ನು ಗೋಣಿತಟ್ಟಿನಲ್ಲಿ ಸುತ್ತಿ ತಂದಿದ್ದರು. ಮರದ ಬುಡಕ್ಕೆ ಅರಿಸಿನ ಕುಂಕುಮ ಇಟ್ಟು, ಮೇಲೆ ವಾಸವಿರುವವರು ಯಾರೇ ಆಗಲಿ ಬೇರೆ ಕಡೆ ಹೋಗಿ ಎಂದು ಬೇಡಿಕೊಂಡು ಕಾಯಿ ಒಡೆಯಬೇಕಿತ್ತು.

"ಯಾರು ಒಡೀತೀರಿ ಸಾಮಿ? ಮರ ಯಾರ್ದು?" ಎಂದು ಮೇಸ್ತ್ರಿ ಕೇಳಿದ.

"ಅವರೇ ಒಡೀಲಿ ಅನ್ನಿ" ಎಂದೆ ನಾನು.

"ಅವರಿಗೇನೂ ಅಡ್ಡಿ ಇಲ್ಲ ಅಂದ್ರೆ ಒಡೀತೀನಿ ಅನ್ನಿ" ಎಂದ ಅಣ್ಣ.

ಮೇಸ್ತ್ರಿ ನನ್ನನ್ನೂ ಅಣ್ಣನನ್ನೂ ನೋಡಿದ. "ಯಾಕೆ ಸಾಮಿ, ಕಿವಿ ಎರಡು ಜನಕ್ಕೂ ಚೆನ್ನಾಗಿ ಕೇಳುತ್ತಲ್ಲಾ? ನಾನು ಮರ ಕೊಯ್ಯೋಕೆ ಬಂದವನಾ, ಟಪಾಲು ಹಂಚೋಕೆ ಬಂದವನಾ?" ಎಂದ. ಬೇಲಿಯಾಚೆ ನಿಂತಿದ್ದವರು ನಕ್ಕರು. ಅಣ್ಣನೂ ಸ್ವಲ್ಪ ನಕ್ಕಂತಿತ್ತು. ಕಾಯನ್ನು ಅವನೇ ಒಡೆದ.

ಮೊದಲ ಮರ ಒಂದೂವರೆ ದಿನದಲ್ಲಿ ಉರುಳಿತು. ಅಳಿಯ ಮೇಲೆ ಹತ್ತಿ ಸೂರಿನ ಕಡೆಗಿದ್ದ ಕೊಂಬೆಗಳನ್ನೂ ಒಣಗಿದ್ದನ್ನೂ ಕಡಿದು ಇಳಿಸಿದ. ಆಮೇಲೆ ಹೊಲದ ಕಡೆಯ ಮೈಯಲ್ಲಿ ಕೊಡಲಿಯಿಂದ ಒಂದು ಕಚ್ಚು ತೆಗೆದರು. ಮರ ಬಾಯಿ ತೆರೆದ ಕಡೆಗೇ ಬೀಳುತ್ತದೆ ಎಂದು ಮೇಸ್ತ್ರಿ ತೋರಿಸಿದ. ಕಚ್ಚಿನ ಬೆನ್ನಿಗೆ ಇಬ್ಬರೂ ಗರಗಸ ಹೂಡಿದರು. ನೆತ್ತಿಗೆ ಕಟ್ಟಿದ ಹಗ್ಗವನ್ನು ಊರಿನ ನಾಲ್ವರು ಹೊಲದಲ್ಲಿ ನಿಂತು ಬಿಗಿದರು. ಮರ ಹೇಳಿದ ಜಾಗದಲ್ಲೇ ಮಲಗಿತು. ಒಂದು ಹೆಂಚೂ ಒಡೆಯಲಿಲ್ಲ. ಅದಿದ್ದ ಜಾಗದಲ್ಲಿ ಆಕಾಶ ಕಂಡಿತು. ಮಧ್ಯಾಹ್ನದ ಬಿಸಿಲು ಮೊದಲ ಬಾರಿಗೆ ನನ್ನ ಒಲೆಯವರೆಗೆ ಬಂತು.

ಮಾರನೆಯ ಬೆಳಿಗ್ಗೆ ಎರಡನೆಯ ಮರಕ್ಕೆ ಕಚ್ಚು ತೆಗೆದು, ಗರಗಸ ಕಾಲುಭಾಗ ಒಳಹೋದ ಮೇಲೆ ಅಳಿಯ ಕೂತಲ್ಲೇ ನಡುಗತೊಡಗಿದ. ಚಳಿಜ್ವರ. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಬೆಳಿಗ್ಗೆಯೇ ಮೈ ಸರಿಯಿರಲಿಲ್ಲ. ಆದ್ದರಿಂದಲೇ ಅವನು ಅಂದು ಮೇಲೆ ಹತ್ತಿರಲಿಲ್ಲ, ಹಿತ್ತಿಲ ಬಾವಿಯ ಕಡೆಗಿದ್ದ ಒಂದು ಒಣಕೊಂಬೆ ಹಾಗೇ ಉಳಿದಿತ್ತು. ಇದು ನಮಗೆ ಆಮೇಲೆ ತಿಳಿಯಿತು.

ಕಾಲುಭಾಗ ಕೊಯ್ದ ಮರವನ್ನು ಹಾಗೇ ಬಿಡುವಂತಿರಲಿಲ್ಲ. ಏಪ್ರಿಲ್ ಸಂಜೆಗಳಲ್ಲಿ ಗಾಳಿ ಏಳುತ್ತದೆ. ಎದ್ದರೆ ಮರ ಮನೆಯ ಮೇಲೆ. ಹಗ್ಗಕ್ಕೆ ನಾಲ್ವರು ಬೇಕೇ ಬೇಕು. ಉಳಿದ ಗಂಡಸರು ದೇವನಹಳ್ಳಿಗೆ ಸಂತೆಗೆ ಹೋಗಿದ್ದರು. ಕೊಯ್ದ ಸಂದಿಗೆ ಬೆಣೆ ಹೊಡೆಯುವುದಕ್ಕೂ ಮರ ಯಾವ ಕಡೆ ವಾಲುತ್ತದೆಂದು ನೋಡುವುದಕ್ಕೂ ಮೇಸ್ತ್ರಿಯ ಕೈ ಬಿಡುವಾಗಿರಬೇಕು.

"ಇಬ್ಬರೂ ಬನ್ನಿ ಸಾಮಿ. ಮನೆ ನಿಮ್ಮದು, ಮರ ನಿಮ್ಮದು. ಹಿಡೀರಿ" ಎಂದ ಮೇಸ್ತ್ರಿ.

ಹಗ್ಗ ಹಿಡಿದಿದ್ದವರಲ್ಲಿ ಒಬ್ಬ ಕೂಗಿದ: "ಹಿಡಿಸು ಮೇಸ್ತ್ರಿ, ಚೆನ್ನಾಗಿ ಹಿಡಿಸು! ಅಣ್ಣ ತಮ್ಮ ಸೇರಿ ಗರಗಸ ಇಲ್ದೇನೇ ಮನೆ ಕೊಯ್ದವ್ರೆ, ಮರ ಯಾವ ಲೆಕ್ಕ?"

"ಲೇ, ನಿನ್ನ ಹಗ್ಗ ನೋಡ್ಕೊಳ್ಳಲಾ" ಎಂದ ಅಣ್ಣ.

ನಾನು ಬೇಲಿಯ ಕಡೆ ಕೂತೆ, ಅವನು ಬಾವಿಯ ಕಡೆ. ಮೇಸ್ತ್ರಿ ನಮ್ಮಿಬ್ಬರಿಗೂ ಕೇಳುವಂತೆ ಹೇಳಿದ: "ಎಳೀಬೇಕು, ತಳ್ಳಬಾರದು. ಅವರು ಎಳೆದಾಗ ನೀವು ಬಿಡಿ, ನೀವು ಎಳೆದಾಗ ಅವರು ಬಿಡ್ತಾರೆ. ಇನ್ನೊಂದು ಮಾತು. ತನ್ನ ತಲೆ ಮೇಲೆ ಏನಿದೆ ಅಂತ ಯಾವನಿಗೂ ಕಾಣಲ್ಲ ಸಾಮಿ. ಎದುರು ಕೂತವನಿಗೆ ಕಾಣುತ್ತೆ. ಅವರ ತಲೆ ನೀವು ನೋಡ್ಕೊಳ್ಳಿ, ನಿಮ್ಮ ತಲೆ ಅವರು ನೋಡ್ಕೊಳ್ಳಲಿ. ಏನಾದರೂ ಅಲ್ಲಾಡಿತು ಅಂದರೆ ‘ಬಿಡು’ ಅಂತ ಕೂಗಿ. ಗರಗಸ ಬಿಟ್ಟು ಹಿಂದಕ್ಕೆ ಹಾರಬೇಕು. ತಿಳೀತಾ?"

"ತಿಳೀತು ಅನ್ನಿ" ಎಂದ ಅಣ್ಣ.

"ಯಾರಿಗೆ ಅನ್ಲಿ? ನನಗೇ ಅಂದುಕೊಳ್ಳಲಾ?" ಎಂದು ಮೇಸ್ತ್ರಿ ಬೆಣೆ ಎತ್ತಿಕೊಂಡ.

ಮೊದಮೊದಲು ಗರಗಸ ಬಾಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹತ್ತಿಪ್ಪತ್ತು ಎಳೆತದ ಮೇಲೆ ಸರಿಹೋಯಿತು. ಹುಣಸೆಮರದ ಹೊಟ್ಟು ಕೆಂಪಗೆ ಇಬ್ಬರ ಮೊಣಕಾಲ ಮೇಲೂ ಬೀಳುತ್ತಿತ್ತು. ಮೂರು ವರ್ಷದಲ್ಲಿ ಅಣ್ಣನನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಕಿವಿಯ ಪಕ್ಕದ ಕೂದಲು ನರೆತಿತ್ತು. ಮುಂದಿನ ಒಂದು ಹಲ್ಲು ಇರಲಿಲ್ಲ. ಅದು ಯಾವಾಗ ಬಿತ್ತೆಂದು ನನಗೆ ಗೊತ್ತಿರಲಿಲ್ಲ. ದಣಿದಾಗ ಅವನು ಗರಗಸವನ್ನು ಎರಡು ಸಲ ಮೆಲ್ಲಗೆ ಅಲ್ಲಾಡಿಸುತ್ತಿದ್ದ. ನಾನು ನಿಲ್ಲಿಸುತ್ತಿದ್ದೆ. ಮತ್ತೆ ನಾನು ಅಲ್ಲಾಡಿಸಿದರೆ ಅವನು ಶುರು ಮಾಡುತ್ತಿದ್ದ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಿಸಿಲೇರಿದ ಮೇಲೆ ಅತ್ತಿಗೆ ಮಜ್ಜಿಗೆ ತಂದು ಎರಡು ಲೋಟವನ್ನೂ ಮೇಸ್ತ್ರಿಯ ಕೈಗೆ ಕೊಟ್ಟು ಹೋದಳು. ಅವನು ಒಂದನ್ನು ನನ್ನ ಮುಂದೆ ಇಟ್ಟ. ಅಣ್ಣ ತನ್ನದನ್ನು ಕುಡಿದು, ನಾನು ಮುಗಿಸುವವರೆಗೆ ಕಾದ. ಸಂಜೆ ಮರ ಬಿದ್ದ ಮೇಲೆ ಅವನೊಡನೆ ಮಾತಾಡಬೇಕು ಎಂದು ನಾನು ಅಂದುಕೊಂಡೆ. ಏನು ಮಾತಾಡಬೇಕೆಂದು ತೀರ್ಮಾನಿಸಿರಲಿಲ್ಲ.

ಮುಕ್ಕಾಲು ಕೊಯ್ದಾಗಿತ್ತು. ಮೇಸ್ತ್ರಿ ಬೆಣೆಗೆ ಒಂದು ಪೆಟ್ಟು ಹಾಕಿದ. ಮರ ಮೈ ಕೊಡವಿತು. ಅಣ್ಣನ ತಲೆಗೆ ನೇರವಾಗಿ ಮೇಲಿದ್ದ ಒಣಕೊಂಬೆ ಬುಡದಲ್ಲಿ ಬಾಯಿ ಬಿಟ್ಟು, ಒಂದು ಗೇಣು ಇಳಿದು ನಿಂತಿತು. ಅಣ್ಣ ಬಗ್ಗಿ ಎಳೆಯುತ್ತಿದ್ದ. ಅವನಿಗೆ ಅದು ಕಾಣುವಂತಿರಲಿಲ್ಲ. ನನಗೆ ಪೂರ್ತಿ ಕಂಡಿತು.

ನಾನು ಕೂಗಿದೆ. ಏನು ಕೂಗಿದೆ ಎಂಬುದರಲ್ಲಿ ಸಂದೇಹವಿಲ್ಲ, ಹಗ್ಗದವರೂ ಕೇಳಿಸಿಕೊಂಡಿದ್ದರು. "ಮೇಸ್ತ್ರೀ, ಹೇಳ್ರಿ ಅವರಿಗೆ, ಮೇಲೆ..." ಎಂದೆ. ಮೇಸ್ತ್ರಿ ಬೆಣೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದ. ಅಣ್ಣ ಮೇಸ್ತ್ರಿಯ ಕಡೆಗೆ ಮುಖ ತಿರುಗಿಸಿದ. ನನ್ನ ಮಾತು ಅವನಿಗೆ ಮೂರು ವರ್ಷದಿಂದ ಬರುತ್ತಿದ್ದದ್ದು ಆ ದಿಕ್ಕಿನಿಂದಲೇ. ಅವನ ಕೈ ಇನ್ನೂ ಹಿಡಿಯ ಮೇಲಿತ್ತು. "ಬಿಡು" ಎಂದು ಮೇಸ್ತ್ರಿ ಕೂಗಿದ್ದೂ ಕೊಂಬೆ ಬಿದ್ದದ್ದೂ ಒಟ್ಟಿಗೆ.

ತಲೆಗೆ ತಾಗಲಿಲ್ಲ. ತೊಡೆಯ ಮೇಲೆ ಅಡ್ಡಲಾಗಿ ಬಿತ್ತು. ಹಗ್ಗವನ್ನು ಹೊಲದಂಚಿನ ಹೊಂಗೆಮರಕ್ಕೆ ಬಿಗಿದು ಎಲ್ಲರೂ ಓಡಿಬಂದರು. ಕೊಂಬೆ ಎತ್ತಲು ಮೂವರು ಬೇಕಾಯಿತು. ಅಣ್ಣ ಒಂದು ಸಲ ಅವ್ವನನ್ನು ಕರೆದು ಕೂಗಿದ. ಆಮೇಲೆ ಹಲ್ಲು ಕಚ್ಚಿ ಸುಮ್ಮನಾದ. ಅವನನ್ನು ಮಂಚದ ಮೇಲೆ ಮಲಗಿಸಿ ಎತ್ತಿನ ಗಾಡಿಗೆ ಏರಿಸಿದೆವು. ಮಂಚದ ಒಂದು ಕಾಲನ್ನು ನಾನು ಹಿಡಿದಿದ್ದೆ. ಗಾಡಿ ಹೊರಡುವಾಗ ಅವನು ಕಣ್ಣು ಬಿಟ್ಟು, "ಮೇಸ್ತ್ರಿ, ಮರ ಅರ್ಧಕ್ಕೆ ಬಿಡಬೇಡಿ ಅಂತ ಹೇಳ್ರಿ ಅವರಿಗೆ. ಗಾಳಿ ಬರತ್ತೆ" ಎಂದ.

ಅತ್ತಿಗೆ ಗಾಡಿಯ ಹಿಂದೆ ಹತ್ತುತ್ತಿದ್ದವಳು ನನ್ನ ಕಡೆ ತಿರುಗಿದಳು. ಭಾಗವಾದ ಮೇಲೆ ಅವಳೂ ನನ್ನೊಡನೆ ಮಾತಾಡಿರಲಿಲ್ಲ.

"ಕಣ್ಣಿಗೆ ಕಾಣ್ತಲ್ಲಾ ನಿಮಗೆ? ಒಂದು ಸಲ ‘ಅಣ್ಣಾ’ ಅಂತ ಕೂಗೋಕೆ ಬಾಯಿಗೆ ಏನಾಗಿತ್ತು?" ಎಂದಳು.

ನಾನು ಗರಗಸದ ಬಳಿಗೆ ತಿರುಗಿಹೋದೆ. ಹಗ್ಗದವರು ತಲೆ ತಗ್ಗಿಸಿ ನಿಂತಿದ್ದರು. ಮನೆಯ ಬಗ್ಗೆ ತಮಾಷೆ ಮಾಡಿದ್ದವನೇ ಬಂದು ಅಣ್ಣನ ಕಡೆಯ ಹಿಡಿ ಹಿಡಿದ. ಬಿಸಿಲು ಇಳಿಯುವ ಮೊದಲು ಮರ ಹೊಲದ ಕಡೆಗೆ ಬಿತ್ತು. ಮನೆಗೆ ಏನೂ ಆಗಲಿಲ್ಲ. ಗಾಳಿ ಎದ್ದಾಗ ಅಲ್ಲಾಡಲು ಏನೂ ಉಳಿದಿರಲಿಲ್ಲ.

ಬೂದಿಗೆರೆಯಲ್ಲಿ ಇದ್ದಿಲಿನ ಬಸ್ಸಿಗೆ ಕಾದು, ಅಣ್ಣನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ನಾನು ಎರಡು ಸಲ ಹೋದೆ. ಮೊದಲನೆಯ ಸಲ ಅವನು ನಿಜವಾಗಿ ನಿದ್ದೆಯಲ್ಲಿದ್ದ. ಕಾಲಿಗೆ ಮರಳಿನ ಚೀಲ ತೂಗುಹಾಕಿದ್ದರು. ಅರ್ಧ ಗಂಟೆ ಕೂತು ಬಂದೆ. ಎರಡನೆಯ ಸಲ ಅತ್ತಿಗೆ ವಾರ್ಡಿನ ಬಾಗಿಲಲ್ಲೇ ತಡೆದು, "ಮಲಗವ್ರೆ, ಎಬ್ಬಿಸ್ಬೇಡಿ" ಎಂದಳು. ಒಳಗೆ ಅವನು ಕೆಮ್ಮುತ್ತಿದ್ದ. ತಂದಿದ್ದ ಮೂಸಂಬಿಯನ್ನು ಅವಳ ಕೈಗೆ ಕೊಟ್ಟೆ. ತೆಗೆದುಕೊಂಡಳು.

ಅವರು ಊರಿಗೆ ಮರಳಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಅತ್ತಿಗೆಯ ತವರಾದ ಅನುಗೊಂಡನಹಳ್ಳಿಗೆ ಹೋದರು. ಎಮ್ಮೆಯನ್ನೂ ಪಾತ್ರೆಗಳನ್ನೂ ಅವಳ ತಮ್ಮ ಬಂದು ಸಾಗಿಸಿದ. ಗೋಡೆಯ ಆ ಕಡೆ ಸದ್ದು ನಿಂತಿತು. ಕೆಲವು ತಿಂಗಳು ಬೆಳಗಿನ ಹೊತ್ತು ಬೀಸುವ ಕಲ್ಲಿನ ಸದ್ದಿಗೆ ಕಾದು ಎಚ್ಚರವಾಗುತ್ತಿತ್ತು.

1945ರ ದೀಪಾವಳಿಗೆ ನಾನು ಅನುಗೊಂಡನಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೇಳಿಕೊಳ್ಳುತ್ತಾ ಹೋದೆ. ಅಣ್ಣ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ನಾನು ಎದುರು ನಿಂತು, "ಅಣ್ಣಾ" ಎಂದೆ. ಅವನು ನನ್ನನ್ನು ನೋಡಿದ. ಆಮೇಲೆ ಒಳಗೆ ತಿರುಗಿ ಮಗಳನ್ನು ಕರೆದು, "ನೀರು ಕೊಡಮ್ಮ ಅವರಿಗೆ. ದೂರದಿಂದ ಬಂದವ್ರೆ" ಎಂದ. ನೀರು ಕುಡಿದೆ. ಸ್ವಲ್ಪ ಹೊತ್ತು ಕೂತಿದ್ದೆ. ಲೋಟವನ್ನು ಹುಡುಗಿಯ ಕೈಗೆ ಕೊಟ್ಟು ಎದ್ದುಬಂದೆ.

1948ರಲ್ಲಿ ಅವನು ತನ್ನ ಪಾಲಿನ ಮನೆಯನ್ನು ದೊಡ್ಡಬಳ್ಳಾಪುರದ ನೇಯ್ಗೆಯವರೊಬ್ಬರಿಗೆ ಮಾರಿದ. ಹಿತ್ತಿಲು ಜಂಟಿಯಾಗಿದ್ದ ಕಾರಣ ಪತ್ರಕ್ಕೆ ನನ್ನ ರುಜುವೂ ಬೇಕಿತ್ತು. ಹೇಳಿದ ದಿನ ದೇವನಹಳ್ಳಿಯ ಕಚೇರಿಗೆ ಹೋದೆ. ಅವನು ಬೆಳಿಗ್ಗೆಯೇ ಗಾಡಿಯಲ್ಲಿ ಬಂದು ರುಜು ಹಾಕಿ ಹೋಗಿದ್ದ. ಅದರ ಕೆಳಗೆ ನಾನು ಹಾಕಿದೆ.

ಅವನು ಈಗಲೂ ಅನುಗೊಂಡನಹಳ್ಳಿಯಲ್ಲಿದ್ದಾನೆ. ಬಲಗಾಲು ಎರಡು ಬೆರಳಿನಷ್ಟು ಗಿಡ್ಡವಾಗಿದೆ. ಕೋಲಿಲ್ಲದೆ ಕೆರೆಯ ಏರಿಯವರೆಗೆ ನಡೆಯುತ್ತಾನೆಂದು ಹೋದ ತಿಂಗಳು ಅಲ್ಲಿಂದ ಬಂದವರು ಹೇಳಿದರು.