ಟಿಕಿ ಮುಖ ತಂದ ಮಧ್ಯಾಹ್ನ

ಎಂಬತ್ತರ ದಶಕ ಮುಗಿಯುತ್ತಿದ್ದಾಗ ನನ್ನ ಯಜಮಾನರಿಗೆ ಟಿಕಿಯ ಹುಚ್ಚು ಹಿಡಿಯಿತು. ಯಾವುದೋ ಅಮೆರಿಕನ್ ಮ್ಯಾಗಜೀನಿನಲ್ಲಿ ನೋಡಿದ್ದರು: ಬಿದಿರಿನ ಬಾರ್, ಪೆಸಿಫಿಕ್ ದ್ವೀಪಗಳ ದೇವರೆಂದು ಕೆತ್ತಿದ, ಹಲ್ಲು ಕಿರಿಯುವ ಮರದ ಮುಖಗಳು, ತೆಂಗಿನಚಿಪ್ಪಿನಲ್ಲಿ ರಮ್. ಅಂಥದ್ದೊಂದು ಮೊಂಬಾಸಾ ಕಡೆ ಇದೆಯಂತೆ.

"ಮಂಗಳೂರಿನವರು ತೆಂಗಿನಚಿಪ್ಪು ನೋಡ್ಲಿಕ್ಕೆ ಅಲ್ಲಿವರೆಗೆ ಹೋಗ್ಬೇಕಾ?" ಅಂದೆ.

"ನಿಂಗೆ ರೊಮಾನ್ಸ್ ಎಂಥದೂ ಗೊತ್ತಿಲ್ಲ ಡಿಯರ್. ಆ ಕಾನ್ವೆಂಟಿನ ನನ್ಸ್ ನಿನ್ನನ್ನು ಹಾಳು ಮಾಡಿಟ್ಟಿದ್ದಾರೆ."

ನೈರೋಬಿಯ ಲಂಗಾಟಾದ ನಮ್ಮ ಮನೆಯಿಂದ ಹೊರಟು, ಮೊಂಬಾಸಾದ ಕಡಲ ತೀರದಲ್ಲಿ ಮೂರು ದಿನ ಹೋಟೆಲ್ ಹೋಟೆಲ್ ವಿಚಾರಿಸಿದೆವು. ಒಬ್ಬ ವೇಟರ್ ನಕ್ಕುಬಿಟ್ಟ: "ಸರ್, ನಮ್ಮಲ್ಲಿ ತೆಂಗಿನಗರಿ ಎಲ್ಲ ಒರಿಜಿನಲ್. ಡೂಪ್ಲಿಕೇಟ್ ಬೇಕಾದ್ರೆ ಮುಂದೆ ಹೋಗಿ." ಮುಂದೆ, ಕಾಯಂ ಆಗಿ ಬಾಗಿಲು ಹಾಕುತ್ತಿದ್ದ ಬಾರೊಂದರಲ್ಲಿ ಸಿಕ್ಕಿತು, ನನ್ನ ಎದೆಯೆತ್ತರದ ಟಿಕಿ ಮುಖ. ತಗೊಂಡು ಹೋಗಿ ಅಂದರು. ಯಜಮಾನರು ಮಗುವಿನ ಹಾಗೆ ಕುಣಿದು ಅದನ್ನು ಕಾರಿನ ಮೇಲೆ ಕಟ್ಟಿದರು.

ನೈರೋಬಿಗೆ ಮರಳಿ ಇಂಡಸ್ಟ್ರಿಯಲ್ ಏರಿಯಾದ ಟ್ರಾಫಿಕ್ ಜಾಮಿನಲ್ಲಿ ನಿಂತಿದ್ದೆವು. ಎಲ್ಲಿಂದಲೋ ಒಬ್ಬ ಓಡಿಬಂದು ಎರಡೂ ಕೈಯಿಂದ ಆ ಮುಖವನ್ನು ಹಿಡಿದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚಿದೆ, "ಮ್ವೀಝಿ!" ಕಳ್ಳ!

ಆ ಊರಲ್ಲಿ ಹದಿನೆಂಟು ವರ್ಷ ಬಾಳಿದವಳು ನಾನು. ಪರ್ಸ್ ಹೋದರೆ ಹೋಗಲಿ, ರಸ್ತೆಯಲ್ಲಿ ಆ ಮಾತು ಮಾತ್ರ ಕೂಗಬೇಡಿ ಎಂದು, ಹೊಸದಾಗಿ ಬಂದ ನಮ್ಮ ಹೆಂಗಸರಿಗೆ ಚರ್ಚಿನ ಅಂಗಳದಲ್ಲಿ ಲೆಕ್ಚರ್ ಕೊಡುತ್ತಿದ್ದವಳೂ ನಾನೇ.

"ಎಂಥ ಮಾಡಿದೆ ಮಾರಾಯ್ತಿ! ಹಗ್ಗ ಸಡಿಲ ಆಗಿ ಜಾರ್ತಾ ಇತ್ತು, ಅವ ಹಿಡ್ಕೊಂಡದ್ದು!" ಎಂದು ಯಜಮಾನರು ಅರಚುವಷ್ಟರಲ್ಲಿ ಲಾರಿಗಳಿಂದ, ಗೋಡೌನ್‌ಗಳಿಂದ ಜನ ಧುಮುಕಿದ್ದರು. ಮೊದಲ ಏಟು ವೀಲ್ ಸ್ಪ್ಯಾನರಿನದು. ಕಿವಿ ಹರಿದು ಜೋತುಬಿತ್ತು. ಬಿದ್ದವನ ಬೆರಳುಗಳ ಮೇಲೆ ಬೂಟು ತಿರುವಿದರು. ಸದ್ದು ನನಗೆ ಕಾರಿನೊಳಗೆ ಕೇಳಿತು. ಒಬ್ಬ ಹಳೇ ಟೈರ್ ಉರುಳಿಸಿಕೊಂಡು ಬರುತ್ತಿದ್ದ. ಕುತ್ತಿಗೆಗೆ ಹಾಕಿ ಬೆಂಕಿ ಕೊಡಲಿಕ್ಕೆ.

ಹೇಗೆ ಇಳಿದೆನೋ. ನನಗೆ ಗೊತ್ತಿದ್ದ ಅರೆಬರೆ ಸ್ವಾಹಿಲಿಯಲ್ಲಿ, "ಬಿಡಿ, ನಮ್ಮವನು! ನಮ್ಮ ತೋಟದವನು!" ಎಂದು ಅವನ ಮೇಲೆ ಬಗ್ಗಿದೆ. ಸೀರೆಯೆಲ್ಲ ರಕ್ತ.

ಸ್ಪ್ಯಾನರಿನವನು ಕೇಳಿದ, "ನಿಮ್ಮವನಾ? ಹೆಸರು ಹೇಳು ಮಾಮಾ." ಅಲ್ಲಿ ಮಾಮಾ ಅಂದರೆ ಅಮ್ಮ.

ಸುಳ್ಳಾಡಿದರೆ ಬಾಯಿಗೆ ಸೋಪು ತಿಕ್ಕುತ್ತಿದ್ದ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು. ಬಾಯಿಗೆ ಬಂದ ಸಂತರೊಬ್ಬರ ಹೆಸರು ಹೇಳಿದೆ. ಎಲ್ಲರೂ ಬಿದ್ದವನನ್ನು ನೋಡಿದರು. ಅವನು ಹಲ್ಲೊಂದನ್ನು ಉಗುಳಿ, "ಹೌದು, ನಾನೇ" ಅಂದ.

"ಮತ್ತೆ ಕಳ್ಳ ಅಂತ ಯಾಕೆ ಕೂಗಿದೆ?"

"ಸಿಟ್ಟು ಬಂದಿತ್ತು. ಬೆಳಿಗ್ಗೆ ಜಗಳ ಆಗಿತ್ತು."

"ಹುಚ್ಚು ಹೆಂಗಸು!" ಸ್ಪ್ಯಾನರಿನವನು ಫಟಾರನೆ ನನ್ನ ಕೆನ್ನೆಗೆ ಬಿಟ್ಟ. ಗುಂಪು ಗೊಳ್ಳೆಂದು ನಕ್ಕಿತು. ಟೈರಿನವನು ಟೈರ್ ಅಲ್ಲೇ ಕೆಡವಿ ಹೋದ.

ಯಜಮಾನರು ಏಟು ತಿಂದವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ದಾರಿಯುದ್ದಕ್ಕೂ ಅವನು ನರಳಿದ. ನಾನು ಸಾರಿ, ಸಾರಿ ಅನ್ನುತ್ತಲೇ ಇದ್ದೆ, ಇಂಗ್ಲಿಷಿನಲ್ಲಿ, ಫೂಲ್ ಥರ.

ಆಸ್ಪತ್ರೆಯಲ್ಲಿ ನರ್ಸ್ ಅವನ ಹೆಸರು ಕೇಳಿದಳು. ಅವನು ಊದಿದ ಕಣ್ಣಿನಿಂದ ನನ್ನನ್ನು ನೋಡಿದ.

"ಈ ಮಾಮಾ ಹೊರಗೆ ಹೋಗಲಿ. ಆಮೇಲೆ ಹೇಳ್ತೇನೆ."

ನಾನು ಎದ್ದು ಹೊರಗೆ ಹೋದೆ.